ದಾರಿ ಬಿಟ್ಟು ಓಡುವ ಗಾಡಿಗಳು



ಮಳೆ ನಿಂತ ಮೇಲೆ ಕೆರೆಯಂಗಳದ ಹಸಿ ಮಣ್ಣಿನಲ್ಲಿ ಎತ್ತಿನ ಗಾಡಿ ಹಾದುಹೋದ ಜಾಡನ್ನು ನೀವು ನೋಡಿರಬಹುದು. ಬಿಸಿಲಿಗೆ ಮಣ್ಣು ಗಟ್ಟಿಯಾದ ಮೇಲೂ ಆ ಎರಡು ಗೆರೆಗಳು ಹಾಗೆಯೇ ಉಳಿದಿರುತ್ತವೆ. ಮುಂದಿನ ಮಳೆ ಬಂದಾಗ ನೀರು ಮೊದಲು ಹರಿಯುವುದು ಅವುಗಳಲ್ಲೇ. ಇದು ಒಂದು ಗಾಡಿಯ ಮಾತಾಯಿತು. ಎಂಜಿನ್ ಇರುವ ಸಾವಿರಾರು ಗಾಡಿಗಳು, ದಾರಿಯೇ ಇಲ್ಲದ ಕಡೆ, ಬರೀ ಮೋಜಿಗಾಗಿ ಓಡಾಡತೊಡಗಿದರೆ ಏನಾಗುತ್ತದೆ? ಆ ನೆಲ ಯಾರೊಬ್ಬರ ಸ್ವತ್ತೂ ಅಲ್ಲದೆ ಎಲ್ಲರಿಗೂ ಸೇರಿದ್ದಾದರೆ, ಅವರನ್ನು ತಡೆಯುವ ಹಕ್ಕು ಯಾರಿಗಿದೆ?

ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಹುಲ್ಲುಗುಡ್ಡದ ಮೇಲೆ ಚಿತ್ರೀಕರಣಕ್ಕೆ ಹೋಗಿದ್ದೆವು. ಸೂರ್ಯ ಇಳಿಯುತ್ತಿದ್ದ. ಬೆಳಕು ಹೋಗಿಬಿಡುತ್ತದೆಂಬ ಆತುರದಲ್ಲಿ, ಜೀಪನ್ನು ದಾರಿ ಬಿಟ್ಟು ನೇರವಾಗಿ ಹುಲ್ಲಿನ ಮೇಲೆ ಹತ್ತಿಸಲು ಚಾಲಕನಿಗೆ ನಾನೇ ಹೇಳಿದೆ. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಮಾಡಿ, "ಬೇಡಿ ಸ್ವಾಮಿ, ಮುಂದಿನ ಮಳೆಗೆ ಇಲ್ಲಿ ಕೊರಕಲು ಬೀಳುತ್ತೆ" ಎಂದರು. ನಾವು ನಕ್ಕು ಮುಂದೆ ಹೋದೆವು. ಮರುವರ್ಷ ಬೇರೊಂದು ಕೆಲಸಕ್ಕೆ ಅಲ್ಲಿಗೇ ಹೋದಾಗ, ನಮ್ಮ ಚಕ್ರ ಉರುಳಿದ ಜಾಗದಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಕೆಂಪು ಮಣ್ಣು ಕೆಳಗಿನ ತೋಡಿನವರೆಗೂ ಇಳಿದಿತ್ತು. ವಿಜ್ಞಾನ ಪದವಿ ಪಡೆದ ನನಗೆ ಗೊತ್ತಿರಬೇಕಾಗಿದ್ದದ್ದು ಆ ಹಿರಿಯರಿಗೆ ಗೊತ್ತಿತ್ತು.

ಈ ಸಮಸ್ಯೆಯನ್ನು ದೊಡ್ಡ ಪ್ರಮಾಣದಲ್ಲಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ದಾಖಲೆ ಸಮೇತ ಎದುರಿಸಿದ ದೇಶ ಅಮೆರಿಕ. ಅಲ್ಲಿ ನಡೆದದ್ದೇನು ಎಂಬುದನ್ನು ಕಿರುತೆರೆಯ ಮಾತುಕತೆಯಲ್ಲಿ ಪೂರ್ತಿಯಾಗಿ ಹೇಳಲು ಸಮಯ ಸಾಲದು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಎಲ್ಲರ ಭೂಮಿ

ನಮ್ಮ ಹಳ್ಳಿಗಳಲ್ಲಿ ಗೋಮಾಳವೆಂಬುದು ಇದೆಯಲ್ಲವೇ? ಅದು ಯಾರ ಪಟ್ಟಾ ಜಮೀನೂ ಅಲ್ಲ. ಊರ ದನಗಳೆಲ್ಲ ಅಲ್ಲಿ ಮೇಯಬಹುದು. ಅಮೆರಿಕದ ಪಶ್ಚಿಮ ಭಾಗದಲ್ಲಿ ಇಂತಹ, ಆದರೆ ಊಹೆಗೂ ಮೀರಿ ವಿಶಾಲವಾದ ಸರ್ಕಾರಿ ಭೂಮಿ ಇದೆ. ಆ ದೇಶದ ಒಟ್ಟು ನೆಲದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೇಂದ್ರ ಸರ್ಕಾರದ ಒಡೆತನದಲ್ಲಿದೆ. ಇದರಲ್ಲಿ ಭೂ ನಿರ್ವಹಣಾ ಇಲಾಖೆಯೊಂದರ ವಶದಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 4.7 ಕೋಟಿ ಎಕರೆ. ಅಂದರೆ ಐದು ಕರ್ನಾಟಕಗಳಷ್ಟು ನೆಲ ಒಂದೇ ಇಲಾಖೆಯ ಕೈಯಲ್ಲಿ! ಅರಣ್ಯ ಇಲಾಖೆಯ ಬಳಿ ಇನ್ನೂ 19.3 ಕೋಟಿ ಎಕರೆ ಇದೆ.

ಭೂ ನಿರ್ವಹಣಾ ಇಲಾಖೆ ಹುಟ್ಟಿದ್ದು 1946ರಲ್ಲಿ. ಜಮೀನು ಹಂಚುತ್ತಿದ್ದ ಹಳೆಯ ಕಚೇರಿಯೊಂದನ್ನೂ ಹುಲ್ಲುಗಾವಲುಗಳ ಉಸ್ತುವಾರಿ ನೋಡುತ್ತಿದ್ದ ಇನ್ನೊಂದನ್ನೂ ಕೂಡಿಸಿ ಇದನ್ನು ರಚಿಸಲಾಯಿತು. ದನ ಮೇಯಿಸುವುದು, ಗಣಿ, ಸೌದೆ, ಬೇಟೆ, ಶಿಬಿರ ಹೀಗೆ ಒಂದೇ ನೆಲ ಹಲವು ಉಪಯೋಗಗಳಿಗೆ ಒದಗಬೇಕೆಂಬುದು ಅಲ್ಲಿನ ನೀತಿ. ವಾಹನಗಳ ಬಗ್ಗೆ ಬರೆದಿಟ್ಟ ನಿಯಮವೇನೂ ಹೆಚ್ಚಾಗಿ ಇರಲಿಲ್ಲ. ಇರುವ ಅಗತ್ಯವೂ ಕಂಡಿರಲಿಲ್ಲ. ದಾರಿಯಿಲ್ಲದ ಕಡೆ ಓಡುವ ಗಾಡಿ ಜನಸಾಮಾನ್ಯರ ಬಳಿ ಎಲ್ಲಿತ್ತು? ಹೀಗಾಗಿ "ಮುಚ್ಚಿದೆ ಎಂದು ಬರೆದಿಲ್ಲದಿದ್ದರೆ ತೆರೆದಿದೆ" ಎಂಬುದೇ ರೂಢಿಯಾಯಿತು. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಇತಿಹಾಸವೆಲ್ಲ ಈ ವಾಕ್ಯವನ್ನು ತಿರುವಿ ಹಾಕುವ ಪ್ರಯತ್ನದ ಕಥೆ.

ಯುದ್ಧದಿಂದ ಬಂದ ಗಾಡಿ

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ಜೀಪು ಎರಡನೆಯ ಮಹಾಯುದ್ಧದ ಕೂಸು. 1941ರಿಂದ ಸೈನ್ಯಕ್ಕಾಗಿ ಲಕ್ಷಗಟ್ಟಲೆ ಜೀಪುಗಳು ತಯಾರಾದವು. 1945ರಲ್ಲಿ ವಿಲ್ಲೀಸ್ ಕಂಪನಿ ನಾಗರಿಕರಿಗಾಗಿ ಜೀಪನ್ನು ಮಾರುಕಟ್ಟೆಗೆ ತಂದಿತು. ಕೃಷಿಕರಿಗೆಂದು ತಯಾರಾದ ಆ ಗಾಡಿ ಬಹುಬೇಗ ರಜಾದಿನದ ಗಾಡಿಯೂ ಆಯಿತು. 1960ರ ದಶಕದಲ್ಲಿ ಜಪಾನಿನ ಹಗುರವಾದ, ಅಗ್ಗದ ಮೋಟಾರ್‌ಸೈಕಲ್‌ಗಳು ಬಂದವು. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೈಯರ್ಸ್ ಎಂಬಾತ ಫೋಕ್ಸ್‌ವ್ಯಾಗನ್ ಕಾರಿನ ಭಾಗಗಳ ಮೇಲೆ ಫೈಬರ್‌ಗ್ಲಾಸ್ ಹೊದಿಕೆ ಕೂರಿಸಿ, ಮರಳುದಿಬ್ಬಗಳ ಮೇಲೆ ಓಡುವ ಪುಟ್ಟ ಗಾಡಿ ತಯಾರಿಸಿದ. 1970ರಲ್ಲಿ ಹೊಂಡಾ ಕಂಪನಿ ಉಬ್ಬಿದ ಮೂರು ಟೈರುಗಳ ವಾಹನವನ್ನು ಅಮೆರಿಕದಲ್ಲಿ ಮಾರಲು ಆರಂಭಿಸಿತು. ಹಿಮದ ಮೇಲೆ ಓಡುವ ಗಾಡಿಗಳೂ ಇದೇ ಕಾಲದಲ್ಲಿ ಹೆಚ್ಚಿದವು. 1972ರ ಹೊತ್ತಿಗೆ ಇಂತಹ ವಾಹನಗಳ ಸಂಖ್ಯೆ ಸುಮಾರು 50 ಲಕ್ಷವೆಂದು ಅಮೆರಿಕ ಸರ್ಕಾರವೇ ಅಂದಾಜು ಮಾಡಿತು.

ಯುದ್ಧ ಇನ್ನೊಂದನ್ನೂ ಬಿಟ್ಟುಹೋಗಿತ್ತು. 1942ರಲ್ಲಿ, ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಹೋರಾಡಬೇಕಿದ್ದ ಸೈನ್ಯಕ್ಕೆ ತರಬೇತಿ ಕೊಡಲು ಜನರಲ್ ಜಾರ್ಜ್ ಪ್ಯಾಟನ್ ಕ್ಯಾಲಿಫೋರ್ನಿಯಾದ ಮರುಭೂಮಿಯನ್ನು ಆರಿಸಿಕೊಂಡ. 1944ರಲ್ಲಿ ಆ ತರಬೇತಿ ನಿಂತಿತು. ಸೈನಿಕರು ಹೋದರು, ಡೇರೆಗಳು ಹೋದವು. ಆದರೆ ಟ್ಯಾಂಕುಗಳು ಹರಿದ ಜಾಡುಗಳು ಹೋಗಲಿಲ್ಲ. ಎಂಬತ್ತು ವರ್ಷಗಳ ನಂತರವೂ ಅವುಗಳನ್ನು ಅಲ್ಲಿ ಗುರುತಿಸಬಹುದು. ಮರುಭೂಮಿ ಎಷ್ಟು ನಿಧಾನವಾಗಿ ಗಾಯ ಮಾಗಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನೆಲದಲ್ಲಿ ಏನಾಗುತ್ತದೆ?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಮೋಟಾರ್‌ಸೈಕಲ್ಲಿನ ಟೈರು 10 ಸೆಂಟಿಮೀಟರ್ ಅಗಲವಿದೆ ಎಂದುಕೊಳ್ಳಿ. ಅದು ಹೊಸ ನೆಲದ ಮೇಲೆ 20 ಕಿಲೋಮೀಟರ್ ಓಡಿದರೆ ತುಳಿದ ಜಾಗವೆಷ್ಟು? 2,000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 20 ಗುಂಟೆ, ಅಂದರೆ ಅರ್ಧ ಎಕರೆ. ತಲಾ 20 ಸೆಂಟಿಮೀಟರ್ ಅಗಲದ ಎರಡು ಜಾಡು ಬಿಡುವ ಜೀಪು ಅಷ್ಟೇ ನೆಲವನ್ನು 5 ಕಿಲೋಮೀಟರಿನಲ್ಲಿ ಮುಗಿಸುತ್ತದೆ. ಒಬ್ಬ ಸವಾರ, ಒಂದು ಬೆಳಗ್ಗೆ, ಅರ್ಧ ಎಕರೆ!

ಮರುಭೂಮಿಯೆಂದರೆ ಬರಿಯ ಸತ್ತ ಮರಳಲ್ಲ. ಅನೇಕ ಕಡೆ ಮಣ್ಣಿನ ಮೇಲ್ಪದರದಲ್ಲಿ ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಹೆಣೆದುಕೊಂಡು ತೆಳುವಾದ ಒಂದು ಹೆಪ್ಪಳಿಕೆಯನ್ನು ಕಟ್ಟಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ, ನೀರಿಗೆ ಕೊಚ್ಚಿಹೋಗದಂತೆ ಹಿಡಿದಿಡುವುದು ಈ ಜೀವಂತ ಪದರವೇ. ಚಕ್ರ ಹರಿದಾಗ ಇದು ಹಪ್ಪಳದಂತೆ ಮುರಿಯುತ್ತದೆ. ಅದರಡಿಯ ಮಣ್ಣು ಒತ್ತಿಕೊಂಡು ಗಟ್ಟಿಯಾಗುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ಮತ್ತು ನೀರು ನಿಲ್ಲಬೇಕಾದ ಸಂದುಗಳು ಮುಚ್ಚಿಹೋಗುತ್ತವೆ. ಮಳೆ ಇಂಗುವುದಿಲ್ಲ. ಬೀಜದ ಬೇರು ಇಳಿಯುವುದಿಲ್ಲ. ಮೊಹಾವೆ ಮರುಭೂಮಿಯಲ್ಲಿ ಹೀಗೆ ಗಟ್ಟಿಯಾದ ಮಣ್ಣು ಮೊದಲಿನಂತಾಗಲು ಸುಮಾರು ನೂರು ವರ್ಷ ಬೇಕೆಂದು ಭೂವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಹೊವರ್ಡ್ ವಿಲ್‌ಶೈರ್ ಇಂತಹ ಅಧ್ಯಯನಗಳಿಗೆ ಹೆಸರಾದವರು.

ಇನ್ನು ಸದ್ದಿನ ಮಾತು. ಆ ಮರುಭೂಮಿಯಲ್ಲಿ ನೆಲದೊಳಗೆ ಹೂತುಕೊಂಡು ತಿಂಗಳುಗಟ್ಟಲೆ ಮಲಗುವ ಒಂದು ಜಾತಿಯ ಕಪ್ಪೆ ಇದೆ. ಮಳೆಗಾಲದ ಗುಡುಗು ಕೇಳಿದಾಗ ಅದು ಮೇಲೆದ್ದು ಬಂದು, ನಿಂತ ನೀರಿನಲ್ಲಿ ಆತುರಾತುರವಾಗಿ ಮೊಟ್ಟೆಯಿಡುತ್ತದೆ. ಬಯಾರ್ಡ್ ಬ್ರಾಟ್‌ಸ್ಟ್ರಾಮ್ ಮತ್ತು ಮೈಕೆಲ್ ಬೊಂಡೆಲ್ಲೊ ಎಂಬ ವಿಜ್ಞಾನಿಗಳು ಹೂತಿದ್ದ ಕಪ್ಪೆಗಳಿಗೆ ಮೋಟಾರ್‌ಸೈಕಲ್ಲಿನ ಸದ್ದನ್ನು ಕೇಳಿಸಿ ನೋಡಿದರು. ಕಪ್ಪೆಗಳು ಅದನ್ನೇ ಗುಡುಗೆಂದು ಬಗೆದು ಹೊರಬಂದವು! ಈ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಯೋಚಿಸಿ ನೋಡಿ. ಹೊರಗೆ ಮಳೆಯಿಲ್ಲ, ನೀರಿಲ್ಲ, ಸುಡುವ ಬಿಸಿಲು. ಹೊರಬಂದ ಕಪ್ಪೆಯ ಗತಿ ಏನು? ಚಕ್ರ ಅದನ್ನು ಮುಟ್ಟಲೇ ಇಲ್ಲ. ಸದ್ದೇ ಸಾಕಾಯಿತು.

ಬಾರ್‌ಸ್ಟೋದಿಂದ ಲಾಸ್ ವೇಗಸ್‌ಗೆ

ಈಗ ಮನುಷ್ಯರ ಕಡೆಗೆ ಬರೋಣ. 1967ರಲ್ಲಿ ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಪಟ್ಟಣದ ಬಳಿಯಿಂದ ನೆವಾಡಾ ರಾಜ್ಯದ ಲಾಸ್ ವೇಗಸ್‌ವರೆಗೆ ಮೋಟಾರ್‌ಸೈಕಲ್ ಓಟವೊಂದು ಆರಂಭವಾಯಿತು. ದೂರ ಸುಮಾರು 240 ಕಿಲೋಮೀಟರ್. ಹಾದಿ ಬಹುಪಾಲು ಸರ್ಕಾರಿ ಮರುಭೂಮಿಯ ಮೇಲೆ. ಸವಾರರೆಲ್ಲ ಉದ್ದನೆಯ ಸಾಲಿನಲ್ಲಿ ಅಕ್ಕಪಕ್ಕ ನಿಂತು, ಸಂಕೇತ ಸಿಕ್ಕೊಡನೆ ಒಮ್ಮೆಲೇ ಮುನ್ನುಗ್ಗುತ್ತಿದ್ದರು. ವರ್ಷದಿಂದ ವರ್ಷಕ್ಕೆ ಓಟಗಾರರು ಹೆಚ್ಚಿದರು. 1974ರಲ್ಲಿ ಅವರ ಸಂಖ್ಯೆ ಸುಮಾರು 3,000 ಮುಟ್ಟಿತು.

ಆ ವರ್ಷದ ಓಟದ ಪರಿಣಾಮಗಳನ್ನು ಭೂ ನಿರ್ವಹಣಾ ಇಲಾಖೆ ಅಧ್ಯಯನ ಮಾಡಿಸಿತು. ಗಿಡ, ಮಣ್ಣು, ಪ್ರಾಣಿ ಎಲ್ಲಕ್ಕೂ ಹಾನಿಯಾದದ್ದು ಕಂಡಿತು. 1975ರಲ್ಲಿ ಓಟಕ್ಕೆ ಅನುಮತಿ ಸಿಗಲಿಲ್ಲ. ಸವಾರರು ಸುಮ್ಮನಾದರೇ? ಇಲ್ಲ. ಅನುಮತಿಯಿಲ್ಲದೆಯೇ ಅದೇ ಹಾದಿಯಲ್ಲಿ ಪ್ರತಿಭಟನೆಯ ಸವಾರಿಗಳು ನಡೆದವು. ಐದು ಕರ್ನಾಟಕಗಳಷ್ಟು ನೆಲಕ್ಕೆ ಬೇಲಿ ಹಾಕುವವರು ಯಾರು, ಕಾವಲು ನಿಲ್ಲುವವರು ಯಾರು? ಕಾನೂನಿನ ಬಲ ಎಷ್ಟೆಂಬ ಪ್ರಶ್ನೆ ಅಂದೇ ಎದ್ದಿತು.

ಅವರ ಮಾತನ್ನೂ ನಾವು ಕೇಳಬೇಕು. ಮರುಭೂಮಿಗೆ ಹೋಗುತ್ತಿದ್ದವರೆಲ್ಲ ಪುಂಡರಲ್ಲ. ಲಾಸ್ ಏಂಜಲೀಸಿನಂಥ ನಗರಗಳ ಕಾರ್ಖಾನೆ ಕೆಲಸಗಾರರು, ಗುಮಾಸ್ತರು, ಅವರ ಹೆಂಡತಿ ಮಕ್ಕಳು ಅವರಲ್ಲಿದ್ದರು. ವಾರವೆಲ್ಲ ದುಡಿದು ಎರಡು ದಿನ ಬಯಲಿನಲ್ಲಿ ಡೇರೆ ಹಾಕಿ, ಒಟ್ಟಿಗೆ ಉಂಡು, ಗಾಡಿ ಓಡಿಸಿ ಮರಳುತ್ತಿದ್ದರು. "ಇದು ನಮ್ಮ ತೆರಿಗೆಯ ಭೂಮಿ. ಹತ್ತು ಮೈಲಿ ನಡೆಯಲಾಗದ ಮುದುಕರೂ ಅಂಗವಿಕಲರೂ ಅದನ್ನು ನೋಡುವುದು ಬೇಡವೇ? ಗಣಿಯವರು ಅಗೆಯಬಹುದು, ದನದವರು ಮೇಯಿಸಬಹುದು, ನಾವು ಮಾತ್ರ ಓಡಿಸಬಾರದೇ?" ಇದು ಅವರ ವಾದ. ಸುಲಭವಾಗಿ ತಳ್ಳಿಹಾಕುವಂಥ ವಾದವಲ್ಲ ಇದು. ಕಾಲ್ನಡಿಗೆಯವರು ಹೇಳುತ್ತಿದ್ದುದು ಬೇರೆ: "ನಾವು ಹೋದರೆ ಅವರ ಆಟ ಕೆಡುವುದಿಲ್ಲ. ಅವರು ಬಂದರೆ ನಮ್ಮ ಮೌನ ಉಳಿಯುವುದಿಲ್ಲ." ಒಂದೇ ನೆಲದ ಇಬ್ಬರು ಒಡೆಯರ ಜಗಳ ಇದು.

ಎರಡು ಆದೇಶಗಳು

1972ರ ಫೆಬ್ರವರಿ 8ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ 11644ನೆಯ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಸರ್ಕಾರಿ ಭೂಮಿಯಲ್ಲಿ ಎಲ್ಲೆಲ್ಲಿ ಗಾಡಿ ಓಡಿಸಬಹುದು, ಎಲ್ಲೆಲ್ಲಿ ಕೂಡದು ಎಂದು ಪ್ರತಿಯೊಂದು ಇಲಾಖೆಯೂ ಗುರುತಿಸಬೇಕೆಂದು ಅದು ವಿಧಿಸಿತು. ಹಾಗೆ ಗುರುತಿಸುವಾಗ ಮಣ್ಣು, ಜಲಾನಯನ ಪ್ರದೇಶ ಮತ್ತು ಸಸ್ಯಗಳಿಗೆ ಆಗುವ ಹಾನಿ, ಕಾಡುಪ್ರಾಣಿಗಳಿಗೆ ಆಗುವ ಕಿರುಕುಳ, ಇತರ ಸಂದರ್ಶಕರೊಡನೆ ಬರುವ ಘರ್ಷಣೆ ಇವೆಲ್ಲ ಆದಷ್ಟು ಕಡಿಮೆಯಾಗುವಂತೆ ಜಾಗ ಆರಿಸಬೇಕು. ಸೈನ್ಯ, ಬೆಂಕಿ ನಂದಿಸುವಿಕೆ, ತುರ್ತುಸೇವೆಯ ವಾಹನಗಳಿಗೆ ವಿನಾಯಿತಿ ಇತ್ತು. ಗಮನಿಸಿ: ಇದು ನಿಷೇಧವಲ್ಲ. "ಓಡಿಸಬೇಡಿ" ಎನ್ನಲಿಲ್ಲ. "ಎಲ್ಲಿ ಓಡಿಸಬೇಕೆಂದು ಯೋಚಿಸಿ ಗುರುತು ಮಾಡಿ" ಎಂದಿತು.

1977ರ ಮೇ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದಕ್ಕೆ ತಿದ್ದುಪಡಿ ತಂದರು. ಗಾಡಿಗಳಿಂದ ಗಮನಾರ್ಹ ಹಾನಿಯಾಗುತ್ತಿದೆ ಅಥವಾ ಆಗಲಿದೆ ಎಂದು ಕಂಡರೆ, ಆ ಜಾಗವನ್ನು ಆ ಬಗೆಯ ವಾಹನಗಳಿಗೆ ಅಧಿಕಾರಿ ಕೂಡಲೇ ಮುಚ್ಚಬೇಕು. ಇದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯ. ಇಲಾಖೆಯೊಂದು ಬಯಸಿದರೆ, ತೆರೆದಿದೆ ಎಂದು ಗುರುತಿಸಿದ ಜಾಗಗಳನ್ನು ಬಿಟ್ಟು ಉಳಿದ ನೆಲವೆಲ್ಲ ಮುಚ್ಚಿದೆ ಎಂಬ ನೀತಿಯನ್ನು ಅನುಸರಿಸಬಹುದು. ಆರಂಭದಲ್ಲಿ ನೆನಪಿಟ್ಟುಕೊಳ್ಳಿ ಎಂದ ವಾಕ್ಯ ಇಲ್ಲಿ ತಲೆಕೆಳಗಾಯಿತು. ಆದರೆ "ಅನುಸರಿಸಬೇಕು" ಎಂದಲ್ಲ, "ಅನುಸರಿಸಬಹುದು" ಎಂದು. ಆ ಒಂದು ಪದದ ವ್ಯತ್ಯಾಸಕ್ಕೆ ಎಷ್ಟು ವರ್ಷ ತೆರಬೇಕಾಯಿತೆಂಬುದನ್ನು ಮುಂದೆ ನೋಡುತ್ತೇವೆ.

ಈ ನಡುವೆ 1976ರಲ್ಲಿ ಅಮೆರಿಕದ ಸಂಸತ್ತು ಭೂ ನಿರ್ವಹಣಾ ಇಲಾಖೆಗೆ ಸಮಗ್ರವಾದ ಕಾನೂನೊಂದನ್ನು ಕೊಟ್ಟಿತು. ಕ್ಯಾಲಿಫೋರ್ನಿಯಾದ ಮರುಭೂಮಿಗೆ ಪ್ರತ್ಯೇಕ ಯೋಜನೆ ರಚಿಸಬೇಕೆಂದೂ ಅದರಲ್ಲಿ ಹೇಳಿತು. 1980ರಲ್ಲಿ ಸಿದ್ಧವಾದ ಆ ಯೋಜನೆ ನೆಲವನ್ನು, ಬಿಗಿ ರಕ್ಷಣೆಯಿಂದ ಹಿಡಿದು ಹೆಚ್ಚು ಬಳಕೆಯವರೆಗೆ, ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಕೆಲವು ಬಯಲುಗಳನ್ನು ಗಾಡಿಗಳಿಗೆಂದೇ ಬಿಟ್ಟುಕೊಟ್ಟಿತು.

ಹಣದ ವಿಷಯದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ ಮೊದಲೇ, 1971ರಲ್ಲಿ, ಒಂದು ಜಾಣತನದ ಕಾನೂನು ಮಾಡಿತ್ತು. ದಾರಿ ಬಿಟ್ಟು ಓಡುವ ಗಾಡಿಗಳೂ ನೋಂದಣಿ ಮಾಡಿಸಿ ಶುಲ್ಕ ಕಟ್ಟಬೇಕು. ಅಂತಹ ಗಾಡಿಗಳು ಸುಡುವ ಪೆಟ್ರೋಲಿನ ತೆರಿಗೆಯಲ್ಲೂ ಒಂದು ಪಾಲು ಅದೇ ನಿಧಿಗೆ ಸೇರಬೇಕು. ಗಾಡಿಗಳಿಗೆ ಮೀಸಲಾದ ಉದ್ಯಾನಗಳನ್ನು ನಡೆಸಲು ಈ ಹಣ ಬಳಕೆಯಾಯಿತು. ತುಳಿಯುವವರೇ ದುರಸ್ತಿಯ ಖರ್ಚನ್ನೂ ಕೊಡಲಿ ಎಂಬ ಸರಳ ನ್ಯಾಯ ಇದರ ಹಿಂದಿದೆ.

ಓಟ ನಿಲ್ಲಿಸಿದ ಆಮೆ

ಬಾರ್‌ಸ್ಟೋ ಓಟ 1983ರಲ್ಲಿ ಮತ್ತೆ ಆರಂಭವಾಯಿತು. ಈ ಬಾರಿ ಷರತ್ತುಗಳಿದ್ದವು, ಗುರುತಿಸಿದ ಹಾದಿಯಿತ್ತು. ಆದರೂ ಅದು ಉಳಿದದ್ದು ಆರೇಳು ವರ್ಷ ಮಾತ್ರ. ಅದನ್ನು ಕೊನೆಗೆ ನಿಲ್ಲಿಸಿದ್ದು ಒಂದು ಆಮೆ!

ಮೊಹಾವೆಯ ಮರುಭೂಮಿ ಆಮೆ ವರ್ಷದ ಬಹುಪಾಲನ್ನು ಬಿಲದೊಳಗೆ ಕಳೆಯುತ್ತದೆ. ಐವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆದರೆ ಮರಿ ಮಾಡುವ ವಯಸ್ಸಿಗೆ ಬರಲು ಹದಿನೈದು ಇಪ್ಪತ್ತು ವರ್ಷ ಬೇಕು. ಇಂತಹ ಪ್ರಾಣಿಯ ಸಂಖ್ಯೆ ಒಮ್ಮೆ ಕುಸಿದರೆ ಮೇಲೇಳುವುದು ಬಲು ಕಷ್ಟ. ಚಕ್ರಗಳು ಆಮೆಯನ್ನೇ ಅರೆಯಬಹುದು, ಬಿಲ ಕುಸಿಯುವಂತೆ ಮಾಡಬಹುದು, ಅದು ಮೇಯುವ ಗಿಡಗಳನ್ನು ನಾಶ ಮಾಡಬಹುದು. ಗಾಡಿಯೊಂದೇ ಕಾರಣವೆಂದು ತಿಳಿಯಬೇಡಿ. ಉಸಿರಾಟದ ರೋಗ, ಊರುಗಳ ಕಸಕ್ಕೆ ಬಂದು ಹೆಚ್ಚಿಕೊಂಡ ಕಾಗೆಯ ಜಾತಿಯ ದೊಡ್ಡ ಹಕ್ಕಿಗಳು ಮರಿಗಳನ್ನು ತಿನ್ನುವುದು, ರಸ್ತೆ, ಕಟ್ಟಡ ಎಲ್ಲವೂ ಸೇರಿದ್ದವು. 1989ರ ಆಗಸ್ಟ್‌ನಲ್ಲಿ ಸರ್ಕಾರ ತುರ್ತುಕ್ರಮವಾಗಿ ಈ ಆಮೆಗೆ ರಕ್ಷಣೆ ಘೋಷಿಸಿತು. 1990ರ ಏಪ್ರಿಲ್‌ನಲ್ಲಿ ಅದು ಅಪಾಯದಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತು. ಬಾರ್‌ಸ್ಟೋ ಓಟ 1989ರ ನಂತರ ನಡೆಯಲಿಲ್ಲ.

1994ರ ಅಕ್ಟೋಬರ್‌ನಲ್ಲಿ ಬಂದ ಕ್ಯಾಲಿಫೋರ್ನಿಯಾ ಮರುಭೂಮಿ ಸಂರಕ್ಷಣಾ ಕಾಯಿದೆ ಡೆತ್ ವ್ಯಾಲಿ ಮತ್ತು ಜೋಶುವಾ ಟ್ರೀಗಳನ್ನು ರಾಷ್ಟ್ರೀಯ ಉದ್ಯಾನಗಳನ್ನಾಗಿಸಿತು. ಮೊಹಾವೆಯ ಒಂದು ದೊಡ್ಡ ಭಾಗವನ್ನು ರಾಷ್ಟ್ರೀಯ ಮೀಸಲು ಪ್ರದೇಶವೆಂದು ಘೋಷಿಸಿತು.

ಕಾಗದ ಬೇರೆ, ನೆಲ ಬೇರೆ

ಆದೇಶ ಬಂತು, ಕಾನೂನು ಬಂತು, ಯೋಜನೆ ಬಂತು. ಹಾಗಾದರೆ ಕಥೆ ಮುಗಿಯಿತೇ? ಇಲ್ಲಿಂದಲೇ ಕಷ್ಟದ ಭಾಗ ಶುರು.

ಯೂಟಾ ರಾಜ್ಯದಲ್ಲಿ, ಕಾಡುಸ್ಥಿತಿಯಲ್ಲೇ ಉಳಿಸಬೇಕಾದ ಪ್ರದೇಶಗಳಿಗೆ ಗಾಡಿಗಳು ನುಗ್ಗುತ್ತಿದ್ದರೂ ಇಲಾಖೆ ಸುಮ್ಮನಿದೆ ಎಂದು ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. 2004ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಕಾನೂನು ಖಚಿತವಾಗಿ ವಿಧಿಸಿದ ನಿರ್ದಿಷ್ಟ ಕೆಲಸವೊಂದನ್ನು ಮಾಡದಿದ್ದರೆ ನ್ಯಾಯಾಲಯ ಇಲಾಖೆಯಿಂದ ಅದನ್ನು ಮಾಡಿಸಬಹುದು. "ಒಟ್ಟಾರೆಯಾಗಿ ಚೆನ್ನಾಗಿ ನೋಡಿಕೊಳ್ಳಿ" ಎಂದು ಹೇಳಲಾಗದು. ಸಂಘಟನೆ ಸೋತಿತು. ಕಾನೂನಿನಲ್ಲಿ "ರಕ್ಷಿಸಬೇಕು" ಎಂದು ಬರೆದರೆ ಸಾಲದು, ಯಾರು, ಏನನ್ನು, ಹೇಗೆ ಮಾಡಬೇಕೆಂದು ಬರೆಯಬೇಕು ಎಂಬುದು ಇದರ ಪಾಠ.

ಆ ವೇಳೆಗೆ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ಡೇಲ್ ಬಾಸ್‌ವರ್ತ್, ಹತೋಟಿಯಿಲ್ಲದ ವಿಹಾರವನ್ನು ಕಾಡಿಗೆ ಒದಗಿರುವ ನಾಲ್ಕು ದೊಡ್ಡ ಕಂಟಕಗಳಲ್ಲಿ ಒಂದೆಂದು ಹೆಸರಿಸಿದ್ದರು. ಉಳಿದ ಮೂರು ಕಾಳ್ಗಿಚ್ಚು, ಹೊರಗಿನಿಂದ ಬಂದು ಹಬ್ಬುವ ಸಸ್ಯ ಮತ್ತು ಪ್ರಾಣಿಗಳು, ಬಯಲು ಭೂಮಿಯ ನಷ್ಟ. 2005ರ ನವೆಂಬರ್‌ನಲ್ಲಿ ಆ ಇಲಾಖೆ ಹೊಸ ನಿಯಮ ತಂದಿತು. ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ಯಾವ ರಸ್ತೆ, ಯಾವ ಕಾಡುದಾರಿ, ಯಾವ ಬಯಲು ಯಾವ ಬಗೆಯ ವಾಹನಕ್ಕೆ, ವರ್ಷದ ಯಾವ ಕಾಲದಲ್ಲಿ ತೆರೆದಿದೆ ಎಂಬುದನ್ನು ನಿರ್ಧರಿಸಬೇಕು. ಅದನ್ನು ನಕ್ಷೆಯಾಗಿ ಮುದ್ರಿಸಿ ಜನರಿಗೆ ಉಚಿತವಾಗಿ ಕೊಡಬೇಕು. ನಕ್ಷೆಯಲ್ಲಿಲ್ಲದ ಕಡೆ ಗಾಡಿ ಓಡಿಸುವುದು ಅಪರಾಧ. ಅಂದರೆ "ತೆರೆದಿದೆ ಎಂದು ಬರೆದಿಲ್ಲದಿದ್ದರೆ ಮುಚ್ಚಿದೆ". 1977ರಲ್ಲಿ "ಅನುಸರಿಸಬಹುದು" ಎಂದಿದ್ದ ನೀತಿ ಅರಣ್ಯಗಳಲ್ಲಿ "ಅನುಸರಿಸಬೇಕು" ಎಂದಾಗಲು 28 ವರ್ಷ ಹಿಡಿಯಿತು!

ಇದರಿಂದ ಏನು ಬದಲಾಯಿತು? ಮೊದಲು, ಈ ಜಾಗಕ್ಕೆ ಹಾನಿಯಾಗುತ್ತದೆಂದು ಕಾವಲುಗಾರ ತೋರಿಸಬೇಕಿತ್ತು. ನಂತರ, ಈ ಜಾಗ ಗಾಡಿ ತಾಳಿಕೊಳ್ಳುತ್ತದೆಂದು ಮೊದಲೇ ನಿರ್ಧಾರವಾಗಬೇಕಾಯಿತು. ಮೊದಲು, ಯಾರೋ ಒಬ್ಬ ಹುಡುಗ ಒಂದು ದಿನ ಹುಲ್ಲಿನ ಮೇಲೆ ಬೈಕು ಓಡಿಸಿದರೆ, ಮರುದಿನ ಹತ್ತು ಜನ ಅದೇ ಜಾಡು ಹಿಡಿದರೆ, ವರ್ಷ ಕಳೆಯುವಷ್ಟರಲ್ಲಿ ಅದೇ ದಾರಿಯಾಗಿಬಿಡುತ್ತಿತ್ತು. ಹತ್ತು ಜನ ತುಳಿದದ್ದೇ ದಾರಿ ಎಂಬ ರೂಢಿ ನಮ್ಮಲ್ಲೂ ಇದೆಯಲ್ಲ! ಹೊಸ ನಿಯಮದಲ್ಲಿ ತುಳಿದ ಮಾತ್ರಕ್ಕೆ ಅದು ದಾರಿಯಾಗುವುದಿಲ್ಲ.

ಮರುಭೂಮಿಯಲ್ಲಿ ಮಾತ್ರ ಜಗಳ ನಿಲ್ಲಲಿಲ್ಲ. ಪಶ್ಚಿಮ ಮೊಹಾವೆಯಲ್ಲಿ ಭೂ ನಿರ್ವಹಣಾ ಇಲಾಖೆ 5,000 ಮೈಲಿಗೂ ಹೆಚ್ಚು ಉದ್ದದ ಗಾಡಿದಾರಿಗಳನ್ನು ತೆರೆದಿಟ್ಟಿತ್ತು. ಹಾನಿ ಆದಷ್ಟು ಕಡಿಮೆಯಾಗುವಂತೆ ಅವುಗಳನ್ನು ಆರಿಸಬೇಕೆಂಬ ಕರಾರು ಪಾಲನೆಯಾಗಿಲ್ಲವೆಂದು 2009ರಲ್ಲಿ ಕೇಂದ್ರ ನ್ಯಾಯಾಲಯವೊಂದು ತೀರ್ಪಿತ್ತಿತು. ನಿಕ್ಸನ್ ಆದೇಶದ ಆ ಹಳೆಯ ಷರತ್ತು 37 ವರ್ಷಗಳ ನಂತರ ಇಲಾಖೆಯನ್ನು ಕಟಕಟೆಗೆ ತಂದು ನಿಲ್ಲಿಸಿತು.

ಕಾಗದಕ್ಕೂ ನೆಲಕ್ಕೂ ನಡುವಿನ ಅಂತರಕ್ಕೆ ಮನುಷ್ಯರೂ ಬಲಿಯಾದರು. 2010ರ ಆಗಸ್ಟ್ 14ರ ರಾತ್ರಿ ಮೊಹಾವೆಯ ಜಾನ್ಸನ್ ವ್ಯಾಲಿಯಲ್ಲಿ ಅನುಮತಿ ಪಡೆದ ಓಟವೊಂದು ನಡೆಯುತ್ತಿತ್ತು. ನೋಡುಗರು ಹಾದಿಯ ಅಂಚಿಗೇ ಒತ್ತಿಕೊಂಡು ನಿಂತಿದ್ದರು. ತಡೆಬೇಲಿಯಿರಲಿಲ್ಲ. ದಿಬ್ಬದಿಂದ ಹಾರಿದ ವಾಹನವೊಂದು ಜನರ ಮೇಲೆ ಉರುಳಿ 8 ಮಂದಿ ಸತ್ತರು. ಭೂ ನಿರ್ವಹಣಾ ಇಲಾಖೆ ತನ್ನದೇ ನಿಯಮಗಳನ್ನು ಪಾಲಿಸಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂತು. ನಿಯಮಗಳು ಆಮೆಗಾಗಿ ಮಾತ್ರವಲ್ಲ, ಸವಾರರಿಗೂ ನೋಡುಗರಿಗೂ ಬೇಕೆಂಬುದನ್ನು ಆ ರಾತ್ರಿ ತೋರಿಸಿಕೊಟ್ಟಿತು.

2019ರ ಮಾರ್ಚ್‌ನಲ್ಲಿ ಬಂದ ಒಂದು ಕಾನೂನು ಎರಡು ಕಡೆಯವರನ್ನೂ ಒಂದೇ ಕಾಗದದಲ್ಲಿ ಕೂರಿಸಿತು. ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ಹೊಸದಾಗಿ ಕೆಲವು ಪ್ರದೇಶಗಳಿಗೆ ಕಾಡುಸ್ಥಿತಿಯ ಶಾಶ್ವತ ರಕ್ಷಣೆ ಸಿಕ್ಕಿತು. ಜೊತೆಗೆ ಡ್ಯೂಮಾಂಟ್ ಡ್ಯೂನ್ಸ್, ಎಲ್ ಮಿರಾಜ್, ಸ್ಪ್ಯಾಂಗ್ಲರ್ ಹಿಲ್ಸ್, ಸ್ಟಾಡರ್ಡ್ ವ್ಯಾಲಿಯಂಥ ಬಯಲುಗಳು ಗಾಡಿಗಳ ವಿಹಾರಕ್ಕೆಂದೇ ಕಾನೂನಿನಲ್ಲಿ ಗೊತ್ತುಪಡಿಸಲ್ಪಟ್ಟವು. ಇಬ್ಬರಿಗೂ ತಮ್ಮ ಪಾಲು ಎಲ್ಲಿದೆ ಎಂದು ತಿಳಿಯಿತು.

ನಮ್ಮ ಗುಡ್ಡಗಳಿಗೆ ಮರಳಿ

ಅಮೆರಿಕದಲ್ಲಿ ನಿಕ್ಸನ್ ಆದೇಶ ಬಂದ 1972ರಲ್ಲೇ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದಕ್ಕೂ ಮೊದಲೇ 1963ರ ಕರ್ನಾಟಕ ಅರಣ್ಯ ಕಾಯಿದೆ ಇತ್ತು. ನಮ್ಮ ಮೀಸಲು ಅರಣ್ಯಗಳಿಗೂ ಅಭಯಾರಣ್ಯಗಳಿಗೂ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವಂತಿಲ್ಲ. ಅಂದರೆ ಅಮೆರಿಕ ಬಹಳ ಕಷ್ಟಪಟ್ಟು ತಲುಪಿದ "ತೆರೆಯದಿದ್ದರೆ ಮುಚ್ಚಿದೆ" ಎಂಬ ನಿಯಮ, ಕಾಗದದ ಮೇಲೆ, ನಮ್ಮ ಕಾಡುಗಳಿಗೆ ಮೊದಲಿನಿಂದಲೂ ಇದೆ. ಮುಚ್ಚುವುದೆಂದರೆ ಪೂರ್ತಿ ಮುಚ್ಚಬೇಕೆಂದೇನೂ ಇಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧಿಸಿದ್ದನ್ನು ನೀವು ಬಲ್ಲಿರಿ. ಅದು ರಸ್ತೆಯ ಮಾತಾದರೂ, ನೆಲವನ್ನು ಹೊತ್ತಿನ ಪ್ರಕಾರ ಹಂಚಿಕೊಳ್ಳುವ ಉಪಾಯಕ್ಕೆ ಉದಾಹರಣೆ.

ನಮ್ಮಲ್ಲಿ ಕೊರತೆ ಇರುವುದು ಅದರ ಇನ್ನೊಂದು ಅರ್ಧದಲ್ಲಿ. ಕೊಡಗಿನ ಮಾಂದಲಪಟ್ಟಿಯಂಥ ಗುಡ್ಡಗಳಿಗೆ ಜೀಪುಗಳು ಪ್ರವಾಸಿಗರನ್ನು ಹೊತ್ತು ಹತ್ತುತ್ತವೆ. ಅದನ್ನೇ ನಂಬಿದ ಕುಟುಂಬಗಳಿವೆ. ಮಲೆನಾಡಿನ ಇಳಿಜಾರುಗಳಲ್ಲಿ ಸಾಹಸದ ಹೆಸರಿನಲ್ಲಿ ಗಾಡಿ ಓಡಿಸುವ ಹವ್ಯಾಸವೂ ಬೆಳೆದಿದೆ. ಇವರಿಗೆ "ಇಲ್ಲಿ ಬೇಡ" ಎನ್ನುವ ಫಲಕಗಳಿವೆ. "ಇಗೋ, ಇಲ್ಲಿ ಓಡಿಸಿ, ಈ ಗೆರೆ ದಾಟಬೇಡಿ" ಎಂದು ತೋರಿಸುವ ನಕ್ಷೆ ಎಷ್ಟು ಕಡೆ ಸಿಗುತ್ತದೆ? ಮಳೆ ವಿರಳವಾದ ಮೊಹಾವೆಯಲ್ಲೇ ಚಕ್ರದ ಜಾಡು ನೂರು ವರ್ಷ ಮಾಸದಿದ್ದರೆ, ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುವ ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಅಪಾಯ ಬೇರೆಯದು. ಇಲ್ಲಿ ಜಾಡು ಉಳಿಯುವುದಿಲ್ಲ, ಕೊರಕಲಾಗಿ ಬೆಳೆಯುತ್ತದೆ.

ಆ ಹುಲ್ಲುಗುಡ್ಡದ ಮೇಲೆ ಅಂದು ಫಲಕವಿರಲಿಲ್ಲ, ನಕ್ಷೆಯಿರಲಿಲ್ಲ, ಕಾವಲುಗಾರನೂ ಇರಲಿಲ್ಲ. ಕೈ ಅಡ್ಡ ಮಾಡಿದ ಒಬ್ಬ ದನಗಾಹಿ ಇದ್ದರು. ಅವರ ಮಾತು ಕೇಳಿದ್ದರೆ ನನಗೆ ನಷ್ಟವಾಗುತ್ತಿದ್ದುದು ಹತ್ತು ನಿಮಿಷದ ಬೆಳಕು ಮಾತ್ರ. ನಿಮ್ಮಲ್ಲಿ ಕೆಲವರು ನಾಳೆ ಅಧಿಕಾರಿಗಳಾಗಿ ನಕ್ಷೆ ಬರೆಯುವಿರಿ, ಹಲವರು ಗಾಡಿ ಓಡಿಸುವಿರಿ. ಆಗ ಇಂತಹವರನ್ನು ಕೇಳಿ ಗೆರೆ ಎಳೆಯಿರಿ. ಎಳೆದ ಗೆರೆಯನ್ನು ದಾಟಬೇಡಿ.

ತರಗತಿಯಲ್ಲಿ ಚರ್ಚಿಸಲು

1. ನಿಮ್ಮ ಊರಿನ ಗೋಮಾಳ, ಕೆರೆಯಂಗಳ ಅಥವಾ ಗುಡ್ಡದ ಮೇಲೆ ವಾಹನಗಳು ಮಾಡಿದ ಹೊಸ ಜಾಡುಗಳಿವೆಯೇ? ಒಂದು ಜಾಡಿನ ಉದ್ದ, ಅಗಲ ಅಳೆದು, ಎಷ್ಟು ಗುಂಟೆ ನೆಲ ತುಳಿತಕ್ಕೆ ಸಿಕ್ಕಿದೆ ಎಂದು ಲೆಕ್ಕ ಹಾಕಿ. ಮಳೆಗಾಲದ ನಂತರ ಮತ್ತೆ ಅಳೆಯಿರಿ.

2. "ಮುಚ್ಚಿದೆ ಎಂದು ಬರೆದಿಲ್ಲದಿದ್ದರೆ ತೆರೆದಿದೆ" ಮತ್ತು "ತೆರೆದಿದೆ ಎಂದು ಬರೆದಿಲ್ಲದಿದ್ದರೆ ಮುಚ್ಚಿದೆ" ಈ ಎರಡು ನಿಯಮಗಳಲ್ಲಿ ಹೊಣೆ ಯಾರ ಮೇಲೆ ಬೀಳುತ್ತದೆ?

3. ನಡೆಯಲಾಗದವರಿಗೂ ಗುಡ್ಡದ ತುದಿ ನೋಡುವ ಹಕ್ಕಿದೆ ಎಂಬ ವಾದಕ್ಕೆ ನಿಮ್ಮ ಉತ್ತರವೇನು? ನೆಲವನ್ನೂ ಉಳಿಸಿ ಅವರನ್ನೂ ಕರೆದೊಯ್ಯುವ ದಾರಿ ಇದೆಯೇ?